ಆಟಿಕೆ ಟ್ರ್ಯಾಕ್ಟರ್ ತಾನಾಗಿಯೇ ಬಿರುಕು ಬಿಡುತ್ತಿದೆಯೇ? ಡೈಕಾಸ್ಟ್ ಲೋಹದ ದೋಷ ಪತ್ತೆ

ಹತ್ತು ವರ್ಷ ಕಪಾಟಿನಲ್ಲಿ ಅಲುಗದೆ ನಿಂತಿದ್ದ ಟ್ರ್ಯಾಕ್ಟರಿನ ಮುಂಗಾಲಿ ಒಂದು ಬೆಳಿಗ್ಗೆ ಕಳಚಿ ಬಿದ್ದಿದ್ದರೆ, ಮನೆಯ ಮಕ್ಕಳನ್ನು ವಿಚಾರಿಸಿಕೊಳ್ಳುವ ಮೊದಲು ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಆ ಮೈ ಬೂದು ರವೆಯ ಹಾಗೆ ಕಾಳುಕಾಳಾಗಿದ್ದರೆ ಯಾರೂ ಬೀಳಿಸಿಲ್ಲ. ಲೋಹವೇ ಒಳಗಿನಿಂದ ಸಡಿಲವಾಗಿದೆ. ಸಂಗ್ರಾಹಕರು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ.

ಡೈಕಾಸ್ಟ್, ಅಂದರೆ ಕರಗಿದ ಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ನುಗ್ಗಿಸಿ ಮಾಡಿದ ಆಟಿಕೆಗಳ ಲೋಹ ಬಹುಪಾಲು ಸತು, ಸುಮಾರು 4% ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ಕೆಲವದರಲ್ಲಿ ಸ್ವಲ್ಪ ತಾಮ್ರ. ಇದಕ್ಕೆ ಸೀಸ, ತವರ ಅಥವಾ ಕ್ಯಾಡ್ಮಿಯಂ ಬೆರೆತರೆ ಅವು ಸತುವಿನಲ್ಲಿ ಕರಗಿ ಒಂದಾಗುವುದಿಲ್ಲ. ಎರಕ ಗಟ್ಟಿಯಾಗುವಾಗ ಹರಳುಹರಳಿನ ನಡುವಿನ ಸಂದುಗಳಲ್ಲಿ ಹೋಗಿ ಕೂರುತ್ತವೆ. ಗಾಳಿಯ ತೇವ ಆ ಸಂದುಗಳ ಗುಂಟ ಒಳಗಿಳಿದು ಲೋಹವನ್ನು ಕೊರೆಯುತ್ತದೆ. ಹುಟ್ಟುವ ಕಿಲುಬಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹೀಗಾಗಿ ಎರಕ ಮೊದಲು ಉಬ್ಬುತ್ತದೆ, ಆಮೇಲೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ಒಳ್ಳೆಯ ಮಿಶ್ರಲೋಹದಲ್ಲಿ ಸೀಸಕ್ಕೆ ಇರುವ ಮಿತಿ ಸುಮಾರು 0.005%, ಅಂದರೆ 100 ಕಿಲೋ ಲೋಹಕ್ಕೆ 5 ಗ್ರಾಂ. ಸೀಸದ ಗೊಂಬೆಗಳನ್ನೂ ಸತುವಿನ ಗಾಡಿಗಳನ್ನೂ ಒಂದೇ ಸೂರಿನಡಿ ಎರಕ ಹೊಯ್ಯುತ್ತಿದ್ದ ಕಾಲದಲ್ಲಿ ಈ ಮಿತಿ ಮೀರಲು ಒಂದು ಹಿಡಿ ಗುಜರಿ ಸಾಕಾಗುತ್ತಿತ್ತು.

1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ 99.99% ಶುದ್ಧ ಸತುವಿನಿಂದ ಝಾಮಕ್ ಎಂಬ ಮಿಶ್ರಲೋಹ ತಂದಿತು. ಬ್ರಿಟನ್ನಿನಲ್ಲಿ ಅದೇ ಮಝಾಕ್. ಪರಿಹಾರ ಸಿಕ್ಕಿದರೂ ಕಾರ್ಖಾನೆಗಳಲ್ಲಿ ಶಿಸ್ತು ಬರಲು ಕಾಲ ಹಿಡಿಯಿತು. ಅದಕ್ಕೇ 1930ರ ದಶಕದ ಎರಕಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಅನುಮಾನ. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆಯಲ್ಲಿ ಮೆಕ್ಯಾನೊ ಕಂಪನಿ 1933ರಿಂದ ತಯಾರಿಸಿದ 22ಇ ಫಾರ್ಮ್ ಟ್ರ್ಯಾಕ್ಟರ್ ಈ ಗುಂಪಿನದು. ಎರಡನೇ ಮಹಾಯುದ್ಧದ ನಂತರ ಅದೇ ಮೆಕ್ಯಾನೊ ಡಿಂಕಿ ಹೆಸರಿನಲ್ಲಿ ತಂದ ಮ್ಯಾಸಿ-ಹ್ಯಾರಿಸ್ (1948, ಸಂಖ್ಯೆ 27ಎ, ಮುಂದೆ 300) ಮತ್ತು ಇನ್ನೊಂದು ಬ್ರಿಟಿಷ್ ಆಟಿಕೆ ಬ್ರಾಂಡ್ ಕಾರ್ಗಿಯ ಮ್ಯಾಸಿ ಫರ್ಗ್ಯುಸನ್ 65 (1959) ಸಾಮಾನ್ಯವಾಗಿ ಗಟ್ಟಿ. ಹಾಗೆಂದು ಹೊಸದೆಲ್ಲ ಸುರಕ್ಷಿತ ಎನ್ನುವಂತಿಲ್ಲ. ಕಳೆದ ಮೂರು ದಶಕಗಳಲ್ಲಿ ತಯಾರಾದ ದುಬಾರಿ ಮಾದರಿಗಳಲ್ಲೂ ಇದೇ ರೋಗ ಕಾಣಿಸಿಕೊಂಡಿದೆ.

ಎಲ್ಲಕ್ಕೂ ಮೊದಲು: ಇದು ಸತುವೇ ಹೌದೇ?

ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಯಸ್ಕಾಂತ ಹಿಡಿಯಿರಿ. ಮೈಗೆ ಅಂಟಿದರೆ ಅದು ಬೀಡುಕಬ್ಬಿಣ ಅಥವಾ ತಗಡು, ಝಿಂಕ್ ಪೆಸ್ಟಿನ ಮಾತೇ ಇಲ್ಲ. ಇರುಸು ಮತ್ತು ತಳದ ತಗಡು ಸತುವಿನ ಟ್ರ್ಯಾಕ್ಟರಿನಲ್ಲೂ ಉಕ್ಕಿನವೇ ಆಗಿರುವುದರಿಂದ ಪರೀಕ್ಷೆ ಬಾನೆಟ್ಟಿನ ಮೇಲೆ ನಡೆಯಲಿ. ಅಂಟದೆ, ಗಾತ್ರಕ್ಕೆ ಹೋಲಿಸಿದರೆ ತೀರ ಹಗುರ ಎನಿಸಿದರೆ ಅಲ್ಯೂಮಿನಿಯಂ ಇರಬಹುದು. ಅಮೆರಿಕದ ಅಯೋವಾದಲ್ಲಿ 1945ರಲ್ಲಿ ಶುರುವಾದ ಎರ್ಟಲ್ ಕಂಪನಿಯ ಮೊದಲ ಟ್ರ್ಯಾಕ್ಟರುಗಳು ಮರಳಚ್ಚಿನಲ್ಲಿ ಹೊಯ್ದ ಅಲ್ಯೂಮಿನಿಯಂ. ಅವು ಬಾಗಬಹುದು, ಮುರಿಯಬಹುದು, ಆದರೆ ಈ ರೀತಿ ಕೊಳೆಯುವುದಿಲ್ಲ.

ಅನುಮಾನ ಉಳಿದರೆ ಸಾಂದ್ರತೆ ಅಳೆಯಿರಿ. ಬಿಡಿಭಾಗವನ್ನು 0.1 ಗ್ರಾಂ ನಿಖರತೆಯ ತಕ್ಕಡಿಯಲ್ಲಿ ತೂಗಿ, ಆಮೇಲೆ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಹೊರಗೆ 66 ಗ್ರಾಂ, ನೀರಿನಲ್ಲಿ 56 ಗ್ರಾಂ ಬಂದರೆ ವ್ಯತ್ಯಾಸ 10, ಸಾಂದ್ರತೆ 66 ÷ 10 = 6.6. ಅದು ಸತು. 2.7ರ ಆಸುಪಾಸು ಅಲ್ಯೂಮಿನಿಯಂ, 10ರ ಮೇಲೆ ಸೀಸ. ಕಣ್ಣಿಗೆ ಕಾಣುವ ಬಿರುಕಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ಬಿರುಕಿನೊಳಗೆ ನೀರು ಕುಡಿಸಿದಂತಾಗುತ್ತದೆ.

ಲಕ್ಷಣ: ಬಿಳಿ ಪುಡಿ

ಎಲ್ಲರೂ ಗಾಬರಿಯಾಗುವ ಲಕ್ಷಣ ಇದು, ಎಲ್ಲರೂ ತಪ್ಪು ತಿಳಿಯುವುದೂ ಇದನ್ನೇ. ಬಿಳಿ ಪುಡಿಗೆ ಕನಿಷ್ಠ ಮೂರು ಮೂಲಗಳಿವೆ.

ಬಣ್ಣದ ಮೇಲೆ, ಅದರಲ್ಲೂ ಬೆರಳು ತಾಗುವ ಕಡೆ, ನವಿರು ಎಳೆಗಳಂತೆ ಹರಡಿದ್ದರೆ ಅದು ಬೂಷ್ಟು. ಒಣ ಮೆತ್ತನೆ ಬ್ರಷ್ಷಿಗೆ ಪೂರ್ತಿ ಬರುತ್ತದೆ, ಅಡಿಯ ಬಣ್ಣ ಸಮತಟ್ಟಾಗಿಯೇ ಇರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜೂನ್ ಕಳೆದ ಮೇಲೆ ಕಾಣುವುದು ಹೆಚ್ಚಾಗಿ ಇದೇ.

ಬಣ್ಣ ಎದ್ದುಹೋಗಿ ಬರಿ ಲೋಹ ಕಾಣುವಲ್ಲಿ, ಅಥವಾ ಬಣ್ಣವೇ ಇಲ್ಲದ ಒಳಮೈಯಲ್ಲಿ ಸುಣ್ಣದ ಕಲೆಯಂತೆ ಅಂಟಿಕೊಂಡಿದ್ದರೆ ಅದು ಸತುವಿನ ಮೇಲ್ಮೈ ಕಿಲುಬು. ಟೂತ್‌ಪಿಕ್ಕಿನಿಂದ ಕೆರೆದರೆ ಬರುತ್ತದೆ, ಕೆಳಗೆ ಗಟ್ಟಿ ಲೋಹ ಸಿಗುತ್ತದೆ. ತೇವದಲ್ಲಿಟ್ಟ ಯಾವ ಸತುವಿಗೂ ಹೀಗಾಗುತ್ತದೆ. ಒಣಗಿಸಿಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಕೆರೆದ ಜಾಗದಲ್ಲಿ ಟೂತ್‌ಪಿಕ್ಕು ಗೆರೆಗುಂಟ ಒಳಗೆ ಇಳಿದರೆ, ಅಥವಾ ಲೋಹವೇ ಕಾಳುಕಾಳಾಗಿ ಉದುರಿದರೆ, ಆಗ ಝಿಂಕ್ ಪೆಸ್ಟ್.

ಮೂರನೆಯದು ಸೀಸದ ಕೊಳೆತ. 22ಇ ಮಾದರಿಯ ಮೊದಮೊದಲ ಎರಕಗಳಲ್ಲಿ, ಆ ಕಾಲದ ಚಾಲಕರ ಗೊಂಬೆಗಳಲ್ಲಿ ಸೀಸವಿದೆ. ಹೊಸ ಮರದ ಕಪಾಟು, ಓಕ್, ಎಂಡಿಎಫ್ ಹಲಗೆಗಳು ಬಿಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಬಿಳಿ ಹಿಟ್ಟಾಗಿಸುತ್ತದೆ. ಕಾಗದದ ಮೇಲೆ ಎಳೆದರೆ ಪೆನ್ಸಿಲಿನಂತೆ ಬೂದು ಗೆರೆ ಬೀಳುವುದು ಸೀಸದ ಗುರುತು. ಇಲ್ಲಿ ನಿಲ್ಲಿ. ಊದಬೇಡಿ, ಬ್ರಷ್ ಹಾಕಬೇಡಿ. ಈ ಪುಡಿ ಉಸಿರಿಗೆ ಅಥವಾ ಬಾಯಿಗೆ ಹೋದರೆ ವಿಷ. ಕೈಗವಸು ಹಾಕಿ, ಪಾಲಿಥೀನ್ ಚೀಲದಲ್ಲಿಟ್ಟು ಮುಚ್ಚಿ. ಕಪಾಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ.

ಲಕ್ಷಣ: ಬಣ್ಣದಲ್ಲಿ ಕೂದಲೆಳೆ ಬಿರುಕು

ಹತ್ತುಪಟ್ಟು ಹಿಗ್ಗಿಸುವ ಲೂಪ್, ಒಂದು ಟಾರ್ಚು ಸಾಕು. ಬೆಳಕನ್ನು ಮೇಲಿನಿಂದ ಬಿಡದೆ ಮೈಗೆ ಒರಗಿಸಿ ಓರೆಯಾಗಿ ಬಿಡಿ.

ಬಿರುಕುಗಳು ಬಣ್ಣದ ಪದರದಲ್ಲೇ ನಿಂತಿದ್ದು, ಅಂಚುಗಳು ಒಂದೇ ಮಟ್ಟದಲ್ಲಿದ್ದರೆ ಅದು ಬಣ್ಣದ ಮುಪ್ಪು. ಹಳೆಯ ಸೆಲ್ಯುಲೋಸ್ ಬಣ್ಣಕ್ಕೆ, ಅದರಲ್ಲೂ ಬಿಸಿಲು ಬೀಳುವ ಕಿಟಕಿ ಪಕ್ಕದ ಕಪಾಟಿನಲ್ಲಿಟ್ಟದ್ದಕ್ಕೆ, ಇದು ಸಹಜ.

ಬಿರುಕಿನ ಒಂದು ದಡ ಇನ್ನೊಂದಕ್ಕಿಂತ ಎತ್ತರವಿದ್ದರೆ, ಅಥವಾ ಬತ್ತಿದ ಕೆರೆಯಂಗಳದ ಮಣ್ಣಿನಂತೆ ಬಲೆಬಲೆಯಾಗಿ ಒಡೆದಿದ್ದರೆ ಕೆಳಗಿನ ಲೋಹ ಬೆಳೆಯುತ್ತಿದೆ. ಖಾತ್ರಿಗೆ ಟ್ರ್ಯಾಕ್ಟರನ್ನು ಮಗುಚಿ ಒಳಮೈ ನೋಡಿ. ಅದೇ ಜಾಗದ ಹಿಂಬದಿಯಲ್ಲೂ ಗೆರೆ ಕಂಡರೆ ಬಿರುಕು ಆರಪಾರ ಆಗಿದೆ.

ಮೂರನೆಯ ಸಾಧ್ಯತೆಯೊಂದಿದೆ, ಅದು ಒಳ್ಳೆಯ ಸುದ್ದಿ. ಬಿರುಕು ಇರುಸಿನ ತೂತಿನಿಂದಲೇ ಹೊರಟು ಅದರ ಬುಡದಲ್ಲಿ ಕಂದು ಕಲೆಯಿದ್ದರೆ ತಪ್ಪು ಉಕ್ಕಿನ ಇರುಸಿನದು. ತುಕ್ಕು ಹಿಡಿದು ದಪ್ಪಗಾದ ಇರುಸು ಸುತ್ತಲ ಎರಕವನ್ನು ಬೆಣೆಯಂತೆ ಸೀಳಿದೆ. ಇರುಸು ತೆಗೆದರೆ ಬಿರುಕು ಮುಂದುವರಿಯುವುದಿಲ್ಲ.

ಅಚ್ಚಿನೊಳಗೆ ಲೋಹದ ಎರಡು ಹರಿವುಗಳು ತಣ್ಣಗಾಗುತ್ತ ಬಂದು ಕೂಡಿದ ಗೆರೆಯೂ ಬಿರುಕಿನಂತೆಯೇ ಕಾಣುತ್ತದೆ. ಅದರ ಅಂಚು ದುಂಡಗಿರುತ್ತದೆ, ಬಣ್ಣ ಗೆರೆಯೊಳಗೂ ಇಳಿದಿರುತ್ತದೆ. ಬಣ್ಣ ಬಳಿಯುವ ಮೊದಲೇ ಆ ಗೆರೆಯಿತ್ತು ಎಂದು ಅರ್ಥ. ಡಿಂಕಿಯ ಹಳೆ ಅಚ್ಚುಗಳಿಂದ 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ನಿಕ್ಕಿ ಟಾಯ್ಸ್ ಗಾಡಿಗಳು ಕೈಗೆ ಬಂದರೆ ಈ ವ್ಯತ್ಯಾಸ ನೆನಪಿರಲಿ. ಅವುಗಳ ಎರಕ, ಬಣ್ಣ ಎರಡೂ ಲಿವರ್‌ಪೂಲಿನಷ್ಟು ನಯವಲ್ಲ. ಒರಟಾದದ್ದೆಲ್ಲ ರೋಗವಲ್ಲ.

ಲಕ್ಷಣ: ಮೈ ಸೊಟ್ಟಗಾಗಿದೆ, ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟುತ್ತಿಲ್ಲ

ಗಾಜಿನ ಹಲಗೆಯ ಮೇಲೆ ನಿಲ್ಲಿಸಿ. ಒಂದು ಚಕ್ರ ಮೇಲೆದ್ದರೆ ಮೊದಲು ಇರುಸು ಬಾಗಿದೆಯೇ ನೋಡಿ. ಚಕ್ರ ತಿರುಗಿಸಿದಾಗ ಎದ್ದ ಚಕ್ರವೂ ಏರಿಳಿದರೆ ಇರುಸಿನದೇ ತೊಂದರೆ. ಎಷ್ಟು ತಿರುಗಿಸಿದರೂ ಅದೇ ಚಕ್ರ ಅಷ್ಟೇ ಎತ್ತರದಲ್ಲಿದ್ದರೆ ಮೈ ತಿರುಚಿದೆ.

ಬಿದ್ದು ಬಾಗಿದ ಎರಕಕ್ಕೂ ಬೆಳೆದು ಬಾಗಿದ ಎರಕಕ್ಕೂ ವ್ಯತ್ಯಾಸ ಹೇಳುವುದು ವರ್ನಿಯರ್ ಕ್ಯಾಲಿಪರ್. ಬಿದ್ದದ್ದು ಉದ್ದವಾಗುವುದಿಲ್ಲ, ಬೆಳೆದದ್ದು ಆಗುತ್ತದೆ. ಅದೇ ಮಾದರಿಯ ಗಟ್ಟಿ ಪ್ರತಿ ಸಿಕ್ಕರೆ ಹೋಲಿಸಿ. ಸಿಗದಿದ್ದರೆ ನಾಲ್ಕು ಕಡೆ ಅಳೆದು, ತಾರೀಖು ಮತ್ತು ಕೋಣೆಯ ತಾಪಮಾನದ ಜೊತೆ ಬರೆದಿಡಿ: ಒಟ್ಟು ಉದ್ದ, ಬಾನೆಟ್ಟಿನ ಅಗಲ, ಹಿಂಬದಿಯ ಮಡ್‌ಗಾರ್ಡುಗಳ ನಡುವಿನ ಅಂತರ, ಚಕ್ರದ ವ್ಯಾಸ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. 70 ಮಿ.ಮೀ. ಉದ್ದದ ಸತುವಿನ ಎರಕ 20 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಡಿಸೆಂಬರಿನ ಅಳತೆಗೂ ಏಪ್ರಿಲಿನ ಅಳತೆಗೂ ನಡುವಿನ 0.03, 0.04 ಮಿ.ಮೀ. ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. 0.1 ಮಿ.ಮೀ. ದಾಟಿದರೆ, ಎರಡನೆಯ ಸಲವೂ ಅಷ್ಟೇ ಬಂದರೆ, ಎರಕ ಬೆಳೆಯುತ್ತಿದೆ.

ಸೊಟ್ಟಗಾದುದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಗಟ್ಟಿ ಸತುವೇ ಬಾಗಿಸಿದರೆ ಮುರಿಯುವ ಜಾತಿ. ರೋಗ ಹಿಡಿದದ್ದು ಬಿಸ್ಕತ್ತಿನ ಹಾಗೆ ಎರಡು ತುಂಡಾಗುತ್ತದೆ.

ಲಕ್ಷಣ: ಚಕ್ರ ತಿರುಗುತ್ತಿಲ್ಲ, ಒಡೆದಿದೆ, ಟೈರು ಅಂಟಿದೆ

ತಿರುಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿಯನ್ನು ಟೂತ್‌ಪಿಕ್ಕಿನ ತುದಿಯಿಂದ ಇರುಸಿನ ಬಳಿ ಇಟ್ಟು 24 ಗಂಟೆ ಬಿಡಿ. ಸಡಿಲವಾದರೆ ತುಕ್ಕು, ಅಷ್ಟೇ. ಸಡಿಲವಾಗದೆ ಚಕ್ರದ ಬದಿ ಮೈಗೆ ಉಜ್ಜುತ್ತಿದ್ದರೆ ಚಕ್ರ ಅಥವಾ ಮೈ ಉಬ್ಬಿದೆ.

ಲೋಹದ ಚಕ್ರಗಳು ಮೈಗಿಂತ ಮೊದಲು ಹೋಗುವುದು ಸಾಮಾನ್ಯ. ಬೇರೆ ಅಚ್ಚು, ಕೆಲವೊಮ್ಮೆ ಬೇರೆ ಕುಲುಮೆಯ ಲೋಹ. ಹಾಗಾಗಿ ಚಕ್ರ ಒಡೆದ ಮಾತ್ರಕ್ಕೆ ಮೈಯೂ ಹೋಯಿತೆಂದಲ್ಲ, ಅದನ್ನು ಬೇರೆಯೇ ಪರೀಕ್ಷಿಸಿ. ಒಡೆದ ಚಕ್ರ ತೆಗೆಯುವಾಗ ಇರುಸನ್ನು ಎಳೆಯಬಾರದು. ಚಕ್ರಕ್ಕೂ ಮೈಗೂ ನಡುವೆ ಸಣ್ಣ ಗರಗಸ ಅಥವಾ ಕಟ್ಟರ್ ಹಾಕಿ ಇರುಸನ್ನೇ ಕತ್ತರಿಸಿ. ಹೊಸ ಇರುಸಿಗೆ ಕೆಲವು ರೂಪಾಯಿಯ ತಂತಿ ಸಾಕು, ಒಡೆದ ಮೈಗೆ ಬದಲಿಯಿಲ್ಲ.

ಪ್ಲಾಸ್ಟಿಕ್ ಚಕ್ರ ಮೇಣದಂತೆ ಕರಗಿ ಟೈರಿಗೆ ಅಂಟಿದ್ದರೆ ಅದಕ್ಕೂ ಲೋಹಕ್ಕೂ ಸಂಬಂಧವಿಲ್ಲ. ಮೃದು ಪಿವಿಸಿ ಟೈರಿನಲ್ಲಿರುವ ಮೆದುಕಾರಿ ರಾಸಾಯನಿಕ ಹೊರಬಂದು ಪ್ಲಾಸ್ಟಿಕ್ಕನ್ನು ತಿಂದಿದೆ. ಟೈರು ಕಳಚಿ ಬೇರೆ ಇಡಿ.

ಲಕ್ಷಣ: ತುಂಡಾಗಿ ಬಿದ್ದ ಭಾಗ

ಸ್ಟೀರಿಂಗ್ ಕಂಬ, ಹೊಗೆಕೊಳವೆ, ಸೀಟು, ಹಿಂದಿನ ಕೊಕ್ಕೆ, ಮುಂಗಾಲಿಯ ಅಡ್ಡಪಟ್ಟಿ, ಇವೇ ಮೊದಲು ಹೋಗುವ ತೆಳು ಜಾಗಗಳು. ಮುರಿದ ಮೈ ಬೆಳ್ಳಿಯಂತೆ ಹೊಳೆಯುತ್ತ ಸಣ್ಣ ಕಣಗಳಿಂದ ಕೂಡಿದ್ದರೆ ಪೆಟ್ಟು ಬಿದ್ದು ಮುರಿದದ್ದು. ನಡುವೆ ದುಂಡು ಗುಳಿಗಳಿದ್ದರೆ ಎರಕದಲ್ಲಿ ಸಿಕ್ಕಿಬಿದ್ದ ಗಾಳಿ. ಅದು ತಯಾರಿಕೆಯ ದೋಷ, ಬೆಳೆಯುವಂಥದ್ದಲ್ಲ. ಮಂಕು ಬೂದು ಬಣ್ಣದ್ದಾಗಿದ್ದು, ಪದರಪದರವಾಗಿ, ಉಗುರು ತಾಗಿಸಿದರೆ ಕಾಳು ಉದುರಿದರೆ ರೋಗ. ಹಳೆಯ ಮುರಿತವೂ ಗಾಳಿಗೆ ಮಂಕಾಗುತ್ತದೆ. ಅದಕ್ಕೆ ಬಣ್ಣಕ್ಕಿಂತ ಉದುರುವಿಕೆಯನ್ನೇ ಹೆಚ್ಚು ನಂಬಬೇಕು.

ಬಿಡಿಭಾಗವನ್ನು ದಾರದಲ್ಲಿ ನೇತುಹಾಕಿ ಪೆನ್ಸಿಲಿನಿಂದ ಮೆಲ್ಲನೆ ತಟ್ಟುವ ಪರೀಕ್ಷೆಯೂ ಇದೆ, ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ. ಗಟ್ಟಿ ಎರಕ ಟಿಣ್ ಎನ್ನುತ್ತದೆ, ಒಳಗೆ ಒಡೆದದ್ದು ಮರದ ತುಂಡಿನಂತೆ ಟಪ್ ಎನ್ನುತ್ತದೆ.

ಲಕ್ಷಣ: ಹೊಸದಾಗಿ ಬಣ್ಣ ಬಳಿದ ಮೇಲೆ ಗುಳ್ಳೆ ಎದ್ದಿದೆ

ಬಣ್ಣವನ್ನು ಒಲೆಯಲ್ಲಿ ಬೇಯಿಸಿದ್ದರೆ, ವಿಶೇಷವಾಗಿ 180–200 ಡಿಗ್ರಿಯ ಪೌಡರ್ ಕೋಟಿಂಗ್ ಮಾಡಿಸಿದ್ದರೆ, ಎರಕದೊಳಗೆ ಸಿಕ್ಕಿದ್ದ ಗಾಳಿ ಹಿಗ್ಗಿ ಮೆದುವಾದ ಲೋಹವನ್ನು ಉಬ್ಬಿಸಿದೆ. ಗುಳ್ಳೆಗಳು ದುಂಡಗಿರುತ್ತವೆ, ಒಂದೇ ದಿನದಲ್ಲಿ ಬಂದಿರುತ್ತವೆ, ಮತ್ತೆ ಬೆಳೆಯುವುದಿಲ್ಲ. ಇದು ಝಿಂಕ್ ಪೆಸ್ಟ್ ಅಲ್ಲ, ಕೆಲಸದ ತಪ್ಪು. ಹಳೆಯ ಡೈಕಾಸ್ಟಿಗೆ ಗಾಳಿಯಲ್ಲೇ ಒಣಗುವ ಬಣ್ಣ ಮಾತ್ರ.

ಹಳೆ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವವರೂ ಇದ್ದಾರೆ. ಕಾಸ್ಟಿಕ್ ಸತು, ಅಲ್ಯೂಮಿನಿಯಂ ಎರಡನ್ನೂ ಕರಗಿಸುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಬಿಡುತ್ತದೆ. ವಿನೆಗರ್, ನಿಂಬೆರಸ, ಹುಣಸೆಹುಳಿಗಳೂ ಬೇಡ. ಹಿತ್ತಾಳೆ ದೀಪ ಬೆಳಗುವ ಹುಳಿ ಸತುವನ್ನು ತಿನ್ನುತ್ತದೆ.

ರೋಗ ಖಚಿತವಾದ ಮೇಲೆ

ಗುಣಪಡಿಸುವ ದಾರಿಯಿಲ್ಲ. ಸೀಸ ಲೋಹದೊಳಗೇ ಇದೆ, ಹೊರಗೆ ಬಳಿದ ವಾರ್ನಿಷ್ ಅದನ್ನು ತೆಗೆಯಲಾರದು. ನಿಮ್ಮ ಕೈಯಲ್ಲಿರುವುದು ತೇವ ಮತ್ತು ಬಿಸಿ, ಎರಡನ್ನೂ ಇಳಿಸಿದರೆ ವೇಗ ಇಳಿಯುತ್ತದೆ. ಒಂದು ಸಮಾಧಾನವೆಂದರೆ ಇದು ಅಂಟುರೋಗವಲ್ಲ. ಪಕ್ಕದ ಟ್ರ್ಯಾಕ್ಟರಿಗೆ ಹಬ್ಬುವುದಿಲ್ಲ. ಒಂದೇ ಕಪಾಟಿನಲ್ಲಿ ಎರಡು ಒಟ್ಟಿಗೆ ಬಿರುಕು ಬಿಟ್ಟರೆ ಎರಡೂ ಹುಟ್ಟಿನಿಂದಲೇ ಕೆಟ್ಟವು, ಮತ್ತು ಕಪಾಟು ತೇವವಾಗಿದೆ.

ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ ತೆಗೆದುಕೊಳ್ಳಿ. ಪ್ರತಿ 10 ಲೀಟರಿಗೆ 200 ಗ್ರಾಂ ಸಿಲಿಕಾ ಜೆಲ್ ಲೆಕ್ಕ. ಕೋಬಾಲ್ಟ್ ಇರುವ ನೀಲಿ ಬಣ್ಣದ್ದಕ್ಕಿಂತ ಕಿತ್ತಳೆ ಬಣ್ಣದ್ದು ಒಳ್ಳೆಯದು. ಜೊತೆಗೊಂದು ಚಿಕ್ಕ ತೇವಮಾಪಕ ಇಡಿ, ಓದು 50% ಮೀರದಿರಲಿ, 40% ಹತ್ತಿರವಿದ್ದರೆ ಚೆನ್ನ. ಜೆಲ್ ಬಣ್ಣ ಬದಲಿಸಿದಾಗ 120 ಡಿಗ್ರಿ ಒಲೆಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ತಣ್ಣಗಾದ ಮೇಲೆ ಮತ್ತೆ ಬಳಸಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಡಬ್ಬಿ ತೆರೆಯದಿದ್ದರೇ ವಾಸಿ. ಫ್ರಿಜ್ಜಿನಲ್ಲಿಡುವ ಉಪಾಯ ಬೇಡ, ಹೊರತೆಗೆದ ಕೂಡಲೇ ಬಿರುಕಿನೊಳಗೆಲ್ಲ ಇಬ್ಬನಿ ಕೂರುತ್ತದೆ. ಸುತ್ತಲು ಹಳೆ ಪತ್ರಿಕೆ, ಪಿವಿಸಿ ಹಾಳೆ, ಸ್ಪಂಜು, ರಬ್ಬರ್ ಬ್ಯಾಂಡ್ ಬಳಸಬೇಡಿ. ಮೂಲ ರಟ್ಟಿನ ಪೆಟ್ಟಿಗೆಗೆ ಬೆಲೆಯಿದೆ ನಿಜ, ಆದರೆ ರಟ್ಟು ಆಮ್ಲೀಯ. ಪೆಟ್ಟಿಗೆ ಬೇರೆ, ಗಾಡಿ ಬೇರೆ ಇಡಿ.

ಬಿರುಕು ಬಿಟ್ಟದ್ದನ್ನು ಹಿಡಿದಿಡಲು ನೀರಿನಷ್ಟು ತೆಳುವಾದ ಸೂಪರ್ ಗ್ಲೂವನ್ನು ಒಳಮೈಯಿಂದ, ಸೂಜಿಯ ಮೊನೆಯಲ್ಲಿ ಒಂದೊಂದೇ ಹನಿ ಇಳಿಸಬಹುದು. ತಾನಾಗಿಯೇ ಸಂದಿಗೆ ಹರಿಯುತ್ತದೆ. ಹೊರಮೈಗೆ ತಾಗಿದರೆ, ಅದರ ಆವಿ ಬಡಿದರೂ ಸಾಕು, ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಸಂರಕ್ಷಕರು ಮೆಚ್ಚುವ ಪ್ಯಾರಲಾಯ್ಡ್ ಬಿ-72 ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚುತ್ತಾರೆ. ಅಸಿಟೋನ್ ಹಳೆಯ ಸೆಲ್ಯುಲೋಸ್ ಬಣ್ಣವನ್ನೇ ಕರಗಿಸುವುದರಿಂದ ಅದೂ ಬಣ್ಣವಿಲ್ಲದ ಒಳಮೈಗೆ ಮಾತ್ರ. ಎರಡೂ ಆಕಾರ ಉಳಿಸಿಕೊಳ್ಳುವ ಉಪಾಯಗಳು, ಲೋಹ ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ಭಾಗ ಪೂರ್ತಿ ಪುಡಿಯಾಗುವ ಮೊದಲು ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು ರಾಳದಲ್ಲಿ ನಕಲು ಹೊಯ್ಯುವುದು ಜಾಣತನ. ಆದರೆ ಮೂಲವೇ ಉಬ್ಬಿರುತ್ತದೆ, ಹಾಗಾಗಿ ನಕಲೂ ದೊಡ್ಡದಾಗುತ್ತದೆ. ಗಟ್ಟಿ ಪ್ರತಿಯ ಅಳತೆಗೆ ಉಜ್ಜಿ ಸರಿಪಡಿಸಬೇಕು. ಮುರಿದ ಚೂರುಗಳನ್ನೇ ಕರಗಿಸಿ ಹೊಸ ಚಕ್ರ ಹೊಯ್ಯುವ ಯೋಚನೆ ಬಂದರೆ ಬಿಟ್ಟುಬಿಡಿ. ಸೀಸ ಎಲ್ಲೂ ಹೋಗಿರುವುದಿಲ್ಲ, ಹೊಸ ಚಕ್ರಕ್ಕೂ ಹಳೆಯ ರೋಗವೇ. ಮೇಲಾಗಿ ಅಡುಗೆಮನೆಯಲ್ಲಿ ಸೀಸ, ಕ್ಯಾಡ್ಮಿಯಂ ಹೊಗೆ.

ಎಲ್ಲಿ ಕೈ ಬಿಡಬೇಕು

ಯುದ್ಧಪೂರ್ವದ ಮಾದರಿ ಮೂಲ ಬಣ್ಣದಲ್ಲಿದ್ದು ಬಿರುಕು ಆರಪಾರವಾಗಿದ್ದರೆ, ಅಂಟು ಮುಟ್ಟುವ ಮೊದಲು ವಸ್ತುಸಂಗ್ರಹಾಲಯಗಳ ಲೋಹ ಸಂರಕ್ಷಣೆಯಲ್ಲಿ ತರಬೇತಾದವರಿಗೆ ತೋರಿಸಿ. ರಿವಿಟ್ ಕೊರೆದು ಬಿಚ್ಚಬೇಕಾದ ಕೆಲಸವೂ ಅವರಿಗೇ ಇರಲಿ. ಡ್ರಿಲ್ಲಿನ ನಡುಕಕ್ಕೆ ರೋಗದ ಎರಕ ಅಂಗೈಯಲ್ಲೇ ಉದುರಿಹೋಗುತ್ತದೆ. ಸೀಸವೋ ಸತುವೋ ತಿಳಿಯದ ಬಿಳಿ ಪುಡಿಯನ್ನು ಸೀಸವೆಂದೇ ಭಾವಿಸಿ.

ಹಳೆಯ ಆಟಿಕೆಗಳ ಬಣ್ಣದಲ್ಲೂ ಸೀಸವಿರುವ ಸಾಧ್ಯತೆ ಹೆಚ್ಚು. ಒಣ ಉಜ್ಜುಕಾಗದ ಬೇಡ, ಉಜ್ಜಲೇಬೇಕಿದ್ದರೆ ಒದ್ದೆಯಾಗಿ, ಅದೂ ಗಟ್ಟಿ ಎರಕದ ಮೇಲೆ ಮಾತ್ರ. ಎನ್‌95 ಮುಖಗವಸು, ಕೈಗವಸು ಹಾಕಿ. ಉದುರಿದ್ದನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ, ನುಣುಪು ಧೂಳು ಅದರ ಹಿಂಬದಿಯಿಂದ ಕೋಣೆಗೇ ಮರಳುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ಈ ಗಾಡಿಗಳನ್ನು ಎಷ್ಟೇ ಹಟ ಮಾಡಿದರೂ ಮಕ್ಕಳ ಕೈಗೆ ಕೊಡಬೇಡಿ.

ಕೊಳ್ಳುವ ಮುನ್ನ

ದೂರದಿಂದ ಕೊಳ್ಳುವುದಾದರೆ ಮಾರುವವರಿಂದ ನಾಲ್ಕು ಫೋಟೊ ಕೇಳಿ: ತಳಭಾಗ, ಓರೆ ಬೆಳಕಿನಲ್ಲಿ ಬಾನೆಟ್ಟು, ಪ್ರತಿ ಚಕ್ರ ಹತ್ತಿರದಿಂದ, ಮತ್ತು ಗಾಜಿನ ಮೇಲೆ ನಿಲ್ಲಿಸಿ ಬದಿಯಿಂದ. ತಳದ ಫೋಟೊ ಕಳಿಸಲು ಹಿಂದೇಟು ಹಾಕಿದರೆ ಮುಂದುವರಿಯಬೇಡಿ. ಹಳೆ ಮೈಗೆ ತೀರ ಹೊಸ ದಪ್ಪ ಬಣ್ಣವಿದ್ದರೆ ಅದು ಬಿರುಕು ಮುಚ್ಚಿದ್ದೂ ಇರಬಹುದು, ಒಳಮೈ ನೋಡದೆ ದುಡ್ಡು ಕೊಡಬೇಡಿ. ಸಣ್ಣ ಬಿರುಕಿರುವುದನ್ನು ತಿಳಿದೇ ಕೊಳ್ಳುವುದಾದರೆ ಬಿಡಿಭಾಗಗಳ ಬೆಲೆ ಮಾತ್ರ ಕೊಡಿ. ಅಂಚೆಯಲ್ಲಿ ಬರುವಾಗ ಚಕ್ರದ ಮೇಲೆ ಭಾರ ಬೀಳದಂತೆ ಮೈಯನ್ನು ಆಧರಿಸಿ ಕಟ್ಟಲು ಹೇಳಿ, ಬಂದ ದಿನವೇ ನಾಲ್ಕು ಅಳತೆ ಬರೆದಿಡಿ.